ನಾನೇ ಕೆಡವಿಸಿದ ಮೆಟ್ಟಿಲು

ಕಟ್ಟಡ ನಿಯಮಗಳ ಮೇಲೆ ನನ್ನಷ್ಟು ಗೌರವ ಇಟ್ಟುಕೊಂಡವರು ಹೊಸಪೇಟೆಯಲ್ಲಿ ಇನ್ನೊಬ್ಬರು ಇರಲಿಕ್ಕಿಲ್ಲ. ಅವನ್ನು ಓದಿಕೊಂಡವರು ಇರಬಹುದು. ನಾನು ಓದಿರಲಿಲ್ಲ, ಅಷ್ಟೆ!

ನಾನು ಹಂಪಿಯಲ್ಲಿ ಗೈಡ್. ದಿನವಿಡೀ ಕಂಬ, ತೊಲೆ, ಅಡಿಪಾಯ ಎಂದು ಮಾತಾಡಿ ಮಾತಾಡಿ, ಕಟ್ಟಡ ವಿದ್ಯೆ ತಾನಾಗಿಯೇ ಬಂದಿದೆ ಎಂದುಕೊಂಡಿದ್ದೆ. ಒಂದು ಬೆಳಿಗ್ಗೆ ಪಕ್ಕದ ಮನೆಯ ರುದ್ರಪ್ಪ ಕಾಂಪೌಂಡಿನ ಮೇಲಿಂದ ಇಣುಕಿದರು.

"ಸುದ್ದಿ ಕೇಳಿದ್ರೇನ್ರಿ? ನಗರಸಭೆಗೆ ಹೊಸ ಕಟ್ಟಡ ನಿಯಮ ಬಂದಾವಂತ. ಮನಿ ಸುತ್ತ ಬಿಡಬೇಕಾದ ಜಾಗದಾಗ ಏನ್ ಕಟ್ಟಿದ್ರೂ ಒಡಿತಾರಂತ. ಇವತ್ತ ನಮ್ಮ ಓಣಿಗೇ ಜೀಪ್ ಬರ್ತೈತಿ!"

ನನ್ನ ಕಣ್ಣು ನಮ್ಮ ಹೊರಮೆಟ್ಟಿಲ ಮೇಲೆ ಬಿತ್ತು. ಕಾಂಪೌಂಡಿಗೆ ಅಂಟಿಕೊಂಡೇ ಮಾಳಿಗೆಗೆ ಏರುವ ಮೆಟ್ಟಿಲು. ಮುಂದಿನ ವಾರ ಮಾಳಿಗೆಯ ಮೇಲೆ ಮಗಳ ಸೀಮಂತ. ಬೀಗರ ಎದುರಿಗೇ ಜೆಸಿಬಿ ಬಂದು ನಿಂತರೆ?

"ಒಮ್ಮೆ ಆಫೀಸಿಗೆ ಹೋಗಿ ಕೇಳ್ಕೊಂಡ್ ಬರ್ರಿ," ಎಂದಳು ಹೆಂಡತಿ ಪದ್ಮಾ.

"ಕೇಳೋದೇನೈತಿ? ಅವರು ಒಡೆಯೋಕಿಂತ ಮೊದ್ಲು ನಾವೇ ಒಡೆದ್ರ ಮರ್ಯಾದಿ. ಸೀಮಂತ ಅಂಗಳದಾಗ ಮಾಡಿದ್ರಾತು."

"ಏನರ ಮಾಡ್ಕೊಳ್ರಿ," ಎಂದು ಅವಳು ಒಳಗೆ ಹೋದಳು.

ನಾನು ಭಾರೀ ಉತ್ಸಾಹದಿಂದ ಮೇಸ್ತ್ರಿಯನ್ನು ಕರೆತಂದೆ. ಸುತ್ತಿಗೆ ಬಿತ್ತು. ಇಡೀ ದಿನದ ಕೆಲಸ ಎಂದುಕೊಂಡಿದ್ದ ಮೆಟ್ಟಿಲು ಟೀ ಬರುವಷ್ಟರಲ್ಲಿ ಧೊಪ್ಪೆಂದು ಕುಸಿಯಿತು. ಧೂಳು ಇನ್ನೂ ಇಳಿದಿರಲಿಲ್ಲ, ಮೇಲಿಂದ ಅಶರೀರವಾಣಿ ಕೇಳಿಸಿತು.

"ರೀ... ಏನದು ಸಪ್ಪಳ?"

ಪದ್ಮಾ! ಪಕ್ಕದಲ್ಲಿ ಕಂಪ್ಲಿಯಿಂದ ಬಂದಿದ್ದ ನಮ್ಮ ಅತ್ತೆ! ನಾನು ಮೇಸ್ತ್ರಿಯನ್ನು ಹುಡುಕಲು ಹೋದಾಗ ಇಬ್ಬರೂ ಸಂಡಿಗೆ ಒಣಹಾಕಲು ಮಾಳಿಗೆ ಹತ್ತಿದ್ದರು.

"ಅಳಿಯಂದ್ರ," ಎಂದರು ಅತ್ತೆ, ಬಹಳ ಶಾಂತವಾಗಿ, "ನಾವು ಇನ್ನೂ ಮ್ಯಾಲೇ ಅದೀವಿ."

ಅದೇ ಹೊತ್ತಿಗೆ ಜೀಪು ಬಂತು. ಇಳಿದ ಇಂಜಿನಿಯರ್ ಮೇಡಂ ಎದುರು ನಾನು ಎದೆಯುಬ್ಬಿಸಿ ನಿಂತೆ. "ಹೊಸ ನಿಯಮ ಪಾಲಿಸೀನ್ರಿ ಮೇಡಂ! ಮೆಟ್ಟಿಲು ನಾನೇ ಒಡೆಸೀನಿ!"

"ಯಾವ ನಿಯಮಾರೀ? ಅದು ಹೊಸದಾಗಿ ಕಟ್ಟೋರಿಗೆ. ನಿಮ್ಮದು ಹಳೇ ಮನಿ, ನಿಮ್ಮ ತಂಟೆಗೆ ಯಾರ್ ಬರ್ತಿದ್ರು? ನಾವು ಬಂದಿದ್ದು ಓಣಿ ತುದಿಯ ಹೊಸ ಮನಿ ನೋಡಾಕ!"

ರುದ್ರಪ್ಪನವರ ತಲೆ ಕಾಂಪೌಂಡಿನಿಂದ ಮಾಯವಾಯಿತು.

ಮೇಡಂ ಫೋನ್ ಮಾಡಿ ಬೀದಿದೀಪ ರಿಪೇರಿಯ ಗಾಡಿ ತರಿಸಿದರು. ಮೇಲಕ್ಕೆ ಚಾಚಿದ ಅದರ ತೊಟ್ಟಿಲಲ್ಲಿ ಮೊದಲು ಅತ್ತೆ ಇಳಿದರು. ಕೈಯಲ್ಲಿ ಸಂಡಿಗೆ ಮೊರ, ಮುಖದಲ್ಲಿ ಉತ್ಸವಮೂರ್ತಿಯ ಕಳೆ. "ಮಸ್ತ್ ಐತಿ! ಇನ್ನೊಮ್ಮೆ ಹತ್ತಲೇನು?" ಆಮೇಲೆ ಪದ್ಮಾ ಇಳಿದಳು. ನನ್ನ ಕಡೆ ನೋಡಲಿಲ್ಲ.

ಅಷ್ಟರಲ್ಲಿ ಮೇಡಂ ಕುಸಿದ ರಾಶಿಯಿಂದ ಒಂದು ಕಂಬಿ ಎತ್ತಿದರು. ಅದು ಕೈಯಲ್ಲೇ ಬಿಸ್ಕತ್ತಿನಂತೆ ಪುಡಿಯಾಯಿತು. ಮಾಳಿಗೆಯ ನೀರಿನ ಟ್ಯಾಂಕಿನಿಂದ ಸೋರಿದ ನೀರು ವರ್ಷಗಟ್ಟಲೆ ಒಳಗೊಳಗೇ ಇಳಿದು ಕಬ್ಬಿಣವನ್ನೆಲ್ಲ ತಿಂದುಹಾಕಿತ್ತು.

"ಇದನ್ನ ಹತ್ತಿ ಓಡಾಡ್ತಿದ್ರೇನ್ರಿ?"

ಸೀಮಂತದ ದಿನ ಎಲ್ಲರಿಗಿಂತ ಮೊದಲು ಇದನ್ನು ಹತ್ತಬೇಕಿದ್ದವಳು ಮಗಳು. ನಾನು ಅಲ್ಲೇ ಆ ರಾಶಿಯ ಮೇಲೆ ಕುಳಿತೆ. ಪದ್ಮಾ ಪಕ್ಕಕ್ಕೆ ಬಂದು ಕುಳಿತು ಸೆರಗಿನಿಂದ ನನ್ನ ತಲೆಯ ಧೂಳು ಕೊಡವಿದಳು. "ಹೋಗ್ಲಿ ಬಿಡ್ರಿ. ಬಿದ್ದದ್ದೇ ಚಲೋ ಆತು."

ಸೀಮಂತ ಅಂಗಳದಲ್ಲೇ ನಡೆಯಿತು. ಬಹಳ ಚೆನ್ನಾಗಿ ನಡೆಯಿತು. ಮಗಳು ನೆಲದ ಮೇಲೆ ಗಟ್ಟಿಯಾಗಿ ಕಾಲೂರಿ ನಡೆಯುವುದನ್ನು ನಾನು ಊಟ ಮರೆತು ನೋಡಿದೆ.

ಉಳಿದದ್ದು ಮೆಟ್ಟಿಲು. ಹಳೆಯದಾಗಿದ್ದರೆ ಯಾರೂ ಕೇಳುತ್ತಿರಲಿಲ್ಲ. ಈಗ ಕಟ್ಟುವುದು ಹೊಸದು, ಹೊಸ ನಿಯಮವೆಲ್ಲ ಅದಕ್ಕೇ! ಅನುಮತಿಗಾಗಿ ಪದ್ಮಾಳೊಂದಿಗೆ ನಗರಸಭೆಗೆ ಹೋದೆ.

"ಹಳೇ ಮೆಟ್ಟಿಲು ಕೆಡವಿದ ಕಾರಣ?" ಎಂದರು ಗುಮಾಸ್ತರು, ಪೆನ್ನು ಹಿಡಿದು.

ನಾನು ಗಂಟಲು ಸರಿಮಾಡಿಕೊಂಡೆ. "ಮುಂಜಾಗ್ರತೆ."

"ಸಾಹೇಬ್ರ," ಎಂದಳು ಪದ್ಮಾ, "ಗಡಿಬಿಡಿ ಅಂತ ಬರ್ಕೊಳ್ರಿ."

ಅವರು ಹಾಗೆಯೇ ಬರೆದುಕೊಂಡರು.