ಗುಹೆಯ ರಾಖಣದಾರನಿಗೆ ಜೋಳದ ರೊಟ್ಟಿ

ನಮ್ಮ ಕಾಕಾರಷ್ಟು ನೀರಿಗೆ ಹೆದರುವ ಪ್ರಾಣಿ ಗೋವಾದಲ್ಲಿ ಇನ್ನೊಂದಿಲ್ಲ, ಬೆಕ್ಕುಗಳನ್ನು ಸೇರಿಸಿಯೇ ಹೇಳುತ್ತಿದ್ದೇನೆ! ವಿಜಯಪುರದ ಕಡೆಯಿಂದ ಬಂದು ಕಾಣಕೋಣದಲ್ಲಿ ಪಂಕ್ಚರ್ ಅಂಗಡಿ ಇಟ್ಟು ಮೂವತ್ತು ವರ್ಷ. ಸಮುದ್ರಕ್ಕೆ ಒಮ್ಮೆಯೂ ಮೊಣಕಾಲು ತೋರಿಸಿದವರಲ್ಲ. ಅಂಥವರು ಒಂದು ವರ್ಷದಿಂದ ಪ್ರತಿ ಭಾನುವಾರ, ನೀರು ಇಳಿದ ಹೊತ್ತು ನೋಡಿ, ಕಡಲಬಂಡೆಗಳ ನಡುವಿನ ಗುಹೆಗೆ ಹೋಗತೊಡಗಿದರು. ಸೊಂಟದಲ್ಲಿ ಲಾರಿಯ ಟ್ಯೂಬು, ಕೈಯಲ್ಲಿ ರೊಟ್ಟಿಯ ಗಂಟು. ಪ್ರವಾಸಿಗರು ಫೋಟೋ ತೆಗೆಯದೆ ಬಿಡುತ್ತಾರೆಯೇ?

ಆ ಗುಹೆಯಲ್ಲಿ ರಾಖಣದಾರ, ಅಂದರೆ ಊರು ಕಾಯುವ ದೈವ, ಇದ್ದಾನೆಂದು ಮೀನುಗಾರರು ನಂಬುತ್ತಾರೆ. ರೊಟ್ಟಿ, ಸಾರಾಯಿ ಇಟ್ಟರೆ ಕೇಳಿದ್ದನ್ನು ನಡೆಸಿಕೊಡುತ್ತಾನಂತೆ. ಕಾಕಾ ಸಾರಾಯಿ ಮುಟ್ಟುವವರಲ್ಲ. ಅದರ ಬದಲು ಮಜ್ಜಿಗೆ. ರೊಟ್ಟಿಯೋ, ಕಾಕಿ ಬಡಿದ ಜೋಳದ್ದು! ಮೊದಲ ವಾರವೇ ಅದು ಮಾಯ. ಏಡಿ ಎಳೆದುಕೊಂಡು ಹೋದದ್ದನ್ನು ತಾನೇ ಕಂಡೆ ಎಂದ ಒಬ್ಬ ಮೀನುಗಾರ.

"ಏಡಿ ಆಗಿ ಬಂದು ತಿಂದಾನ್ರಿ," ಎಂದರು ಕಾಕಾ.

ಮರುವಾರ ಶೇಂಗಾ ಚಟ್ನಿ ಹಚ್ಚಿಟ್ಟರು. ಏಡಿ ಹತ್ತಿರ ಬಂದು ಹಾಗೇ ಹಿಂದೆ ಸರಿಯಿತು. ಪಾಪ, ಗೋವಾದ ದೈವ, ಖಾರ ತಡೆಯಲಿಲ್ಲ ಎಂದು ಇಡೀ ವಾರ ಮರುಗಿದರು. ಮೂವತ್ತು ವರ್ಷ ಗಿರಾಕಿಗಳ ಜೊತೆ ಕನ್ನಡದಲ್ಲೇ ಜಗಳವಾಡಿದ ಮನುಷ್ಯ ದೈವಕ್ಕಾಗಿ ಕೊಂಕಣಿ ಕಲಿಯಲೂ ಕುಳಿತರು! ಕೇಳುವುದೇನೆಂದು ಮಾತ್ರ ಯಾರಿಗೂ ಹೇಳರು.

ಮೊನ್ನೆ ಭಾನುವಾರ ಹೋದವರು ಬಹಳ ಹೊತ್ತಾದರೂ ಬರಲಿಲ್ಲ. ನೀರು ಏರುವ ಸಮಯ. ಕಾಕಿ ನನ್ನನ್ನು ಅಟ್ಟಿದರು.

"ನಿನಗ ಈಸು ಬರ್ತೈತಲ್ಲ, ಹೋಗಿ ಕರ್ಕೊಂಡ್ ಬಾ. ಭರತಿ ಬಂದ್ರ ನಿಮ್ಮ ಕಾಕಾ ಆ ಟ್ಯೂಬಿನ ಸಮೇತ ಕಾರವಾರಕ್ಕ ಹೋಗಿ ಮುಟ್ಟತಾರ."

ಈಸು ಬರುತ್ತದೆ ಎಂದು ಹೇಳಿಯೇ ನಾನು ಹೋದ ವರ್ಷ ಮೀನಿನ ದೋಣಿಯ ಕೆಲಸಕ್ಕೆ ಸೇರಿದ್ದು. ಇನ್ನು ಇಲ್ಲವೆನ್ನುವುದು ಹೇಗೆ? ಒಂದೊಂದು ಬಂಡೆಯನ್ನೂ ಅಪ್ಪಿಕೊಂಡು, ನೆನಪಿಗೆ ಬಂದ ದೇವರನ್ನೆಲ್ಲ ಕರೆಯುತ್ತ ಇಳಿದೆ.

ಗುಹೆಯ ಬಾಯಲ್ಲಿ ನೀರು ಆಗಲೇ ಪಾದ ಮುಚ್ಚುತ್ತಿತ್ತು. ಒಳಗೆ ಕಾಕಾ ರೊಟ್ಟಿ ಇಟ್ಟು ಕೊಂಕಣಿಯಲ್ಲಿ ಏನೋ ಶುರುಮಾಡಿ, ಅದು ಕೈಕೊಟ್ಟ ಮೇಲೆ ಕನ್ನಡಕ್ಕೇ ಬಂದಿದ್ದರು.

"ನಾಳೆಯಿಂದ ನಾಕ್ ದಿನ ಮತ್ತ ದೋಣಿ ಮ್ಯಾಲ ಇರ್ತಾನ. ಮನ್ಯಾಗ ಸುಳ್ಳ ಹೇಳ್ಯಾನ, ಈಸಾಕ ಬರೂದಿಲ್ಲ ಅವಂಗ. ಒಂಚೂರು ಕಣ್ಣಿಡ್ರಿ."

ನೀರು ಏರುತ್ತಿದೆ, ಬನ್ನಿ ಎಂದೆ, ಹೇಗೋ.

ಕಾಕಾ ತಿರುಗಿ ನೋಡಿದರು. ಸೊಂಟದ ಟ್ಯೂಬು ತೆಗೆದು, ನನ್ನ ತಲೆಯ ಮೇಲಿಂದ ಇಳಿಸಿದರು.