ಕೋಡಿಕ್ಕರೈ ಹುಲಿ

ಚಿಕ್ಕವೆಂಕಟಪ್ಪ ಕೋಡಿಕ್ಕರೈಗೆ ಹೋಗಿ ಬಂದದ್ದಂತೂ ನಿಜ. ಭಾವಮೈದುನನ ಜೊತೆ ರೈಲು ಹತ್ತಿ, ತಮಿಳು ಸೀಮೆಯ ಸಮುದ್ರದ ದಂಡೆಯ ಆ ಕಾಡನ್ನೆಲ್ಲ ಸುತ್ತಿದ್ದ. ಜಿಂಕೆ ಕಂಡ, ಕಾಡುಕುದುರೆ ಕಂಡ, ಏಡಿಯ ಕೈಲಿ ಕಾಲ್ಬೆರಳು ಕಚ್ಚಿಸಿಕೊಂಡ. ಹುಲಿ ಮಾತ್ರ ಕಾಣಲಿಲ್ಲ. ಅಲ್ಲಿ ಇದ್ದರೆ ತಾನೇ ಕಾಣೋದು?

ಆದರೆ ಹೆಂಡತಿ ಆದಿಲಕ್ಷ್ಮಿ, ಗಂಡ ಹುಲಿ ನೋಡೋಕೆ ಹೋಗಿದ್ದಾರೆ ಅಂತ ಹಲಸೂರಿನ ಬೀದಿಗೆಲ್ಲ ಆಗಲೇ ಸಾರಿಬಿಟ್ಟಿದ್ದಳು. ಅವನು ಊರಿಗೆ ಬಂದ ಮಾರನೆ ಬೆಳಿಗ್ಗೆ ನಲ್ಲಿ ಹತ್ತಿರ ಎದುರುಮನೆಯ ಶಂಶುನ್ನೀಸಾ ಕೇಳಿದಳು.

"ಹುಲಿ ಎಷ್ಟು ದೊಡ್ಡದಿತ್ತು ಭಾಯ್?"

ಆದಿಲಕ್ಷ್ಮಿ ಗಂಡನ ಮುಖ ನೋಡಿದಳು. ಪಾಪ, ಅವನೇನು ಮಾಡ್ಯಾನು?

"ಎತ್ತಿನಷ್ಟಿತ್ತು" ಎಂದುಬಿಟ್ಟ.

ಮಧ್ಯಾಹ್ನದ ಹೊತ್ತಿಗೆ ಅವನು ಆ ಹುಲಿಯನ್ನು ಕೊಡೆಯಲ್ಲಿ ಬಡಿದು ಸಮುದ್ರಕ್ಕೆ ಅಟ್ಟಿಯಾಗಿತ್ತು. ಅಷ್ಟನ್ನೂ ಅವನು ಹೇಳಿರಲಿಲ್ಲ, ಬೀದಿಯವರೇ ಸೇರಿಸಿಕೊಂಡಿದ್ದರು. ಇಲ್ಲ ಅನ್ನುವ ಹಾಗೂ ಇರಲಿಲ್ಲ. ಸುದ್ದಿ ಕೃಷ್ಣರಾಜಪುರದ ಮರದ ಡಿಪೋ ಬೈಲಪ್ಪನ ಕಿವಿಗೆ ಬಿದ್ದು, ಕಳ್ಳರ ಕಾಟ ಜಾಸ್ತಿ, ಕಾವಲಿಗೆ ಧೈರ್ಯವಂತ ಬೇಕು, ಸಂಜೆ ಬಂದು ನೋಡ್ತೀನಿ ಅಂತ ಹೇಳಿಕಳಿಸಿದ್ದ. ಯುದ್ಧ ಮುಗಿದು ಚಿಕ್ಕವೆಂಕಟಪ್ಪನ ದಂಡಿನ ಗೋದಾಮಿನ ಕೆಲಸ ಹೋಗಿತ್ತು. ಇದೂ ಸಿಗದಿದ್ದರೆ ಮಾವನ ಮನೆಯ ಜಗಲಿಯೇ ಗತಿ.

ಸಂಜೆ ಬೈಲಪ್ಪ ಬಂದು ಮನೆಮುಂದಿನ ಹುಣಸೆಮರದಡಿ ಕೂತು ಕಾಫಿ ಲೋಟ ಎತ್ತಿದ.

"ಹುಲಿ ಮೇಲೆ ಬಿದ್ದಾಗ ಏನಯ್ಯಾ ಮಾಡ್ದೆ?"

"ಕಣ್ಣಲ್ಲಿ ಕಣ್ಣಿಟ್ಟು ನಿಂತೆ ಸಾವ್ಕಾರ್ರೇ. ಒಂದ್ ಹೆಜ್ಜೆ ಹಿಂದಕ್ಕಿಡ್ಲಿಲ್ಲ."

ಆಗ ಅವನ ಕಿವಿಯ ಹತ್ತಿರವೇ ಏನೋ ಗುರ್ರ್ ಎಂದಿತು. ತಿರುಗಿದರೆ ಹಳದಿ ಮೂತಿ, ಕರಿ ಪಟ್ಟೆ, ಇಷ್ಟುದ್ದ ಹಲ್ಲು! "ಅಯ್ಯಯ್ಯಪ್ಪಾ!" ಚಪ್ಪಲಿ ಕೆಳಗುಳಿಯಿತು, ಚಿಕ್ಕವೆಂಕಟಪ್ಪ ಹುಣಸೆಮರದ ಮೇಲಿದ್ದ.

ಬೀದಿಗೆ ಬೀದಿಯೇ ನಕ್ಕಿತು. ಅದು ಶಂಶುನ್ನೀಸಾಳ ಮಗ ಅಕ್ತರ್. ಪ್ರತಿವರ್ಷ ಮೊಹರಂಗೆ ಹರಕೆಯ ಹುಲಿವೇಷ ಹಾಕಿ ಮೊದಲು ಇವರ ಮನೆಗೇ ಬರುತ್ತಿದ್ದ. ಹುಲಿಯ ಮಾತಿನ ಭರದಲ್ಲಿ ಚಿಕ್ಕವೆಂಕಟಪ್ಪನಿಗೆ ಹಬ್ಬವೇ ಮರೆತುಹೋಗಿತ್ತು.

"ಸಾವ್ಕಾರ್ರೇ, ನಿಜ ಹೇಳ್ಬಿಡ್ತೀನಿ!" ಕೊಂಬೆ ತಬ್ಬಿಕೊಂಡು ಅವನು ಅಂಗಲಾಚಿದ. "ನಾನು ಹುಲಿ ನೋಡೇ ಇಲ್ಲ. ಸಮುದ್ರದ ದಂಡೇಲಿ ಕಾಡುಕುದುರೆ ನೋಡ್ದೆ, ಅಷ್ಟೇ!"

"ಸಮುದ್ರದ ದಂಡೇಲಿ ಕಾಡುಕುದುರೆ! ಮರ ಹತ್ತಿದ್ರೂ ಸುಳ್ಳು ಬಿಡಲ್ವಲ್ಲಯ್ಯಾ!"

ಬೈಲಪ್ಪ ಪಂಚೆಯ ಮೇಲೆ ಚೆಲ್ಲಿದ್ದ ಕಾಫಿ ಒರೆಸಿಕೊಂಡ. ಆಮೇಲೆ ಅಕ್ತರನನ್ನು ಮೇಲಿಂದ ಕೆಳಕ್ಕೆ ನೋಡಿದ.

"ನಿನಗೇನಾದ್ರೂ ಕೆಲಸ ಇದೆಯೇನಪ್ಪಾ?"

"ಇಲ್ಲಾ ಸಾಬ್."

"ನಾಳೆಯಿಂದ ಡಿಪೋ ಕಾವಲಿಗೆ ಬಂದ್ಬಿಡು. ಬಣ್ಣ ಮಾತ್ರ ತೊಳ್ಕೋಬೇಡ."