ರಾಜರ ಸಿಟ್ಟಿಗೆ ಪ್ರಜೆಗಳ ಉಸಿರು

"ನನಗೆ ಇಷ್ಟೊಂದು ಸಿಟ್ಟು ಎಲ್ಲಿಂದ ಬರುತ್ತದೆ?"

ಊಟದ ಬೆಳ್ಳಿತಟ್ಟೆಯನ್ನು ಕಿಟಕಿಯಾಚೆ ಎಸೆದು, ಆ ಕಿಟಕಿಯನ್ನೇ ನೋಡುತ್ತ ಹೀಗೆ ಕೇಳಿದವರು ಸಿಡಿಮಿಡಿಪುರದ ಜ್ವಾಲಾದಿತ್ಯ ಮಹಾರಾಜರು. ರಾಜ್ಯವನ್ನು ಭೂಪಟದಲ್ಲಿ ಹುಡುಕಬೇಡಿ. ಬಹಳ ಹಿಂದೆ ಇದ್ದದ್ದು, ಭೂಪಟದ ಮಡಿಕೆಯಲ್ಲೇ ಸವೆದುಹೋಗಿದೆ. ಮಹಾರಾಜರು ಕೇಳಿದ್ದು ಯಾರನ್ನೂ ಅಲ್ಲ. ಆದರೆ ಯಾರನ್ನೂ ಕೇಳದ ಪ್ರಶ್ನೆಗೆ ಎಲ್ಲರೂ ಉತ್ತರಿಸುವುದು ಅಲ್ಲಿನ ಆಸ್ಥಾನಧರ್ಮ.

"ಸೂರ್ಯವಂಶದಿಂದ, ಪ್ರಭು!" ಎಂದರು ಮಹಾಮಂತ್ರಿ ನಯನಿಧಿ.

"ಮೆದುಳಿನಿಂದ," ಎಂದುಬಿಟ್ಟರು ರಾಜವೈದ್ಯ ಧರಣೇಂದ್ರಯ್ಯ.

ಆಸ್ಥಾನ ನಡುಗಿತು. ರಾಜರ ತಲೆಯಲ್ಲಿ ಮೆದುಳಿದೆಯೆಂದು ಬಹಿರಂಗವಾಗಿ ಹೇಳಿದ್ದು ಅದೇ ಮೊದಲು.

"ತಲೆಯೊಳಗೆ ಆಳದಲ್ಲಿ ಬಾದಾಮಿಯಷ್ಟು ಒಂದು ಗಂಟಿದೆ, ಪ್ರಭು. ಕಿಡಿ ಹಾರುವುದು ಅಲ್ಲಿ. ‘ತಾಳು’ ಅನ್ನುವ ಭಾಗ ಹಣೆಯ ಹಿಂದಿದೆ. ಕಿಡಿ ಕುದುರೆ ಏರಿ ಬರುತ್ತದೆ, ತಾಳ್ಮೆ ಎತ್ತಿನಗಾಡಿಯಲ್ಲಿ. ಒಂದು ದೀರ್ಘ ಉಸಿರು ಎಳೆದುಕೊಂಡರೆ ಗಾಡಿ ಬಂದು ಮುಟ್ಟುತ್ತದೆ."

ಕಂಬದ ಮರೆಯಲ್ಲಿದ್ದ ಗಮಕಿ ಅಳಸಿಂಗಾಚಾರ್ಯರು ತಲೆದೂಗಿದರು. ಮಧ್ಯಾಹ್ನದ ಕಾವ್ಯವಾಚನಕ್ಕೆ ಬಂದವರು. ಕಾವ್ಯದಲ್ಲಿ ಎಂಥ ಕಡುಕೋಪದ ವೀರನೂ ಷಟ್ಪದಿ ಮುಗಿಯುವ ತನಕ ಬಾಣ ಬಿಡುವುದಿಲ್ಲವೆಂದು ಅವರಿಗೆ ಚಿಕ್ಕಂದಿನಿಂದಲೇ ಗೊತ್ತಿತ್ತು. ಕಾರಣ ಹಣೆಯ ಹಿಂದಿದೆಯೆಂದು ಈಗ ತಿಳಿಯಿತು.

"ಉಸಿರು? ನಾನೇ ಎಳೆಯಬೇಕೆ?" ರಾಜರು ಕೆಂಡವಾದರು. "ನನ್ನ ಬೆನ್ನು ತುರಿಸುವುದಕ್ಕೇ ಇಬ್ಬರಿದ್ದಾರೆ!"

"ಶಾಂತಂ ಪಾಪಂ! ಸಿಟ್ಟು ತಮ್ಮದೇ ಇರಲಿ, ಪ್ರಭು. ತಾಳ್ಮೆಯನ್ನು ಹೊರಗುತ್ತಿಗೆಗೆ ಕೊಡೋಣ," ಎಂದರು ನಯನಿಧಿ.

ರಾಜ್ಯದಲ್ಲಿ ಅತಿ ಉದ್ದ ಉಸಿರಿನವರು ಆಚಾರ್ಯರೇ. ಜರಿಶಾಲು ಹೊದಿಸಿ ಅವರನ್ನು ‘ರಾಜಲಲಾಟ’ ಹುದ್ದೆಗೆ ನೇಮಿಸಲಾಯಿತು. ಅಂದರೆ, ಅಧಿಕೃತ ಹಣೆ.

"ಒಪ್ಕೊಂಡ್ರಾ? ಒಳ್ಳೇದಾಯ್ತು ಬಿಡಿ," ಎಂದರು ಮನೆಯಲ್ಲಿ ಆಚಾರ್ಯರ ಹೆಂಡತಿ ಆಂಡಾಳಮ್ಮ. "ನಮ್ಮ ವಕುಳ ಹೊಳೆ ದಾಟಿ ಬಾಣಂತನಕ್ಕೆ ಬರೋ ಹೊತ್ತಿಗೆ ಈ ಊರು ಒಂಚೂರು ತಣ್ಣಗಿದ್ರೆ ಸಾಕು. ನಿಮ್ಮ ಹಣೆಬರಹ ಇಷ್ಟು ದೊಡ್ಡದು ಅಂತ ನಂಗೇನು ಗೊತ್ತಿತ್ತು!"

ಮೊದಲ ದಿನ ಯೋಜನೆ ಫಲಿಸಿತು. ಮೊಸರು ಹುಳಿಯೆಂದು ರಾಜರು ಅಡುಗೆಯವನ ತಲೆ ಕೇಳಿದರು. ಆಚಾರ್ಯರು ಉಸಿರೆಳೆದು ಒಂದು ಪದ್ಯ ಎತ್ತಿಕೊಂಡರು. ಪದ್ಯ ಮುಗಿಯುವಷ್ಟರಲ್ಲಿ ಯಾರ ತಲೆಯೆಂಬುದೇ ರಾಜರಿಗೆ ಮರೆತುಹೋಯಿತು.

"ಬ್ರೇಕು ಗಟ್ಟಿಯಿದೆ, ಪ್ರಭು. ಇನ್ನು ವೇಗ ಹೆಚ್ಚಿಸಬಹುದಲ್ಲವೆ?" ಎಂದರು ನಯನಿಧಿ.

ಹೆಚ್ಚಿಸಿದರು. ರಾಜರು ನೊಣದ ಮೇಲೆ ಸಿಟ್ಟಾದರು, ಅಮಾವಾಸ್ಯೆಗೆ ರಜೆ ಹಾಕಿದ ಚಂದ್ರನಿಗೆ ಕಾರಣ ಕೇಳಿ ನೋಟಿಸು ಕಳಿಸಿದರು. ಒಬ್ಬ ಮುದುಕನ ಉಸಿರು ಎಲ್ಲಿಗೆ ಸಾಕು? ‘ಸಾರ್ವತ್ರಿಕ ಉಸಿರು ಯೋಜನೆ’ ಜಾರಿಗೆ ಬಂತು: ನಗಾರಿ ಬಡಿದಾಗ ಪ್ರಜೆಗಳೆಲ್ಲ ಮಹಾರಾಜರ ಪರವಾಗಿ ಉಸಿರು ಬಿಗಿಹಿಡಿಯತಕ್ಕದ್ದು. ಕ್ಷೌರಿಕರು ಅರ್ಧ ಗಡ್ಡದಲ್ಲಿ ನಿಂತರು. ನಾಗಸ್ವರದವರ ಕೆನ್ನೆ ಉಬ್ಬಿದಂತೆಯೇ ಉಳಿಯಿತು. ಮದುಮಗ ತಾಳಿ ಎತ್ತಿ ನಿಂತ, ಮುಹೂರ್ತ ಮೀರಿತು. ಬಿಕ್ಕಳಿಕೆಯವರನ್ನು ರಾಜದ್ರೋಹಕ್ಕೆ ಹಿಡಿದರು. ಪ್ರಜೆಗಳ ಈ ಅಪಾರ ಸಹನೆಯನ್ನು ಮೆಚ್ಚಿ ಮಹಾರಾಜರಿಗೆ ‘ಶಾಂತಿಸಾಗರ’ ಬಿರುದೂ ಹೊಸ ಕಿರೀಟವೂ ಮಂಜೂರಾದವು.

ಕಿರೀಟಧಾರಣೆ ಹೊಳೆಯ ದಡದಲ್ಲಿ. ರಾಜರು ಮರದ ಸೇತುವೆಯ ಮೇಲೆ ಕಾಲಿಟ್ಟರು. ಸೇತುವೆ ಕಿರ್ ಎಂದಿತು.

"ಕೇಳಿದಿರಾ? ನನ್ನ ತೂಕದ ಬಗ್ಗೆ ಟೀಕೆ!" ರಾಜರ ಮೂಗು ಅರಳಿತು. "ಸುಡಿ ಇದನ್ನು!"

ನಗಾರಿ ಮೊಳಗಿತು. ಇಡೀ ರಾಜ್ಯ ಉಸಿರು ಬಿಗಿಹಿಡಿಯಿತು. ದಡದಲ್ಲಿ ನೆರೆದಿದ್ದವರ ಮುಖಗಳು ಕೆಂಪಾದವು, ನೀಲಿಯಾದವು. ಪಂಜಿನವರೂ ಕಾನೂನುಬದ್ಧವಾಗಿ ಉಸಿರು ಹಿಡಿದೇ ಮುಂದೆ ಹೆಜ್ಜೆಯಿಟ್ಟರು. ಆಚೆ ದಡದಲ್ಲಿ ಎತ್ತಿನ ಗೆಜ್ಜೆಯ ಸದ್ದು. ಕಮಾನುಗಾಡಿಯಿಂದ ತುಂಬುಬಸುರಿ ವಕುಳ ಇಣುಕಿ, ಅಪ್ಪನ ಜರಿಶಾಲನ್ನು ಗುರುತಿಸಿ, ಕೈಬೀಸಿದಳು.

ಆಚಾರ್ಯರು ಪದ್ಯ ಎತ್ತಿಕೊಂಡರು. ರಾಜರ ಕಿವಿಗೆ ಅದು ಬಹುಕಾಲದಿಂದ ಅರಮನೆಯ ಫ್ಯಾನಿನ ಸದ್ದಿಗೆ ಸಮ. ಪದ್ಯ ಮುಗಿಯಿತು, ಸಿಟ್ಟು ಮುಗಿಯಲಿಲ್ಲ. ಜನ ಒಬ್ಬೊಬ್ಬರಾಗಿ ದೊಪ್ಪನೆ ಬೀಳತೊಡಗಿದರು. ನಯನಿಧಿ ಅದನ್ನು ಸಾಷ್ಟಾಂಗ ನಮಸ್ಕಾರವೆಂದು ದಾಖಲಿಸಿಕೊಂಡರು.

ಆಚಾರ್ಯರು ಶಾಲು ತೆಗೆದು ರಾಜರ ಪಾದದ ಬಳಿ ಇಟ್ಟು ಮಂಡಿಯೂರಿದರು.

"ಮಹಾಪ್ರಭು, ಎಲ್ಲರ ಉಸಿರೂ ತೀರಿತು. ಒಂದು, ಒಂದೇ ಒಂದು ಉಸಿರು ತಾವೇ ಎಳ್ಕೊಂಡ್ಬಿಡಿ. ನನ್ನ ಮಗಳು ದಾಟಿಬಿಡ್ತಾಳೆ."

ಶಾಂತಿಸಾಗರರು ಹೊಸ ಕಿರೀಟವನ್ನು ಹಣೆಯ ಮೇಲೆ ಭದ್ರವಾಗಿ ಒತ್ತಿಕೊಂಡರು.

"ಆಗೋದಿಲ್ಲ ಆಚಾರ್ರೇ. ಅದು ನಿಮ್ಮ ಇಲಾಖೆ."